ಹಳೇ ರಾಕ್ ಆಲ್ಬಮ್ ಮತ್ತೆ ಕೇಳೋರಿಗೆ ಒಂದು ಸಲಹೆ

ಯಾವ್ದೋ ಕಾಲದಲ್ಲಿ ಕೇಳಿ ಅಷ್ಟಕ್ಕಷ್ಟೆ ಅಂತ ಪಕ್ಕಕ್ಕಿಟ್ಟ ಆಲ್ಬಮ್ ಇದ್ರೆ ಮತ್ತೆ ಹಾಕಿ ನೋಡಿ, ಆದ್ರೆ ಫೇಮಸ್ ಹಾಡಿಂದ ಮಾತ್ರ ಶುರು ಮಾಡ್ಬೇಡಿ. ನಾನು ಹೋದ ವಾರ ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾದ 1988ರ 'ಆ್ಯಂಡ್ ಜಸ್ಟಿಸ್ ಫಾರ್ ಆಲ್' ಹಾಕ್ಕೊಂಡು ಕೂತೆ. ಕಾಲೇಜಲ್ಲಿದ್ದಾಗ ಅದ್ರ ಫೇಮಸ್ ಹಾಡು 'ಒನ್' ಬಿಟ್ಟು ಬೇರೆ ಏನೂ ಪೂರ್ತಿ ಕೇಳಿರ್ಲಿಲ್ಲ, ಸೌಂಡು ಒಣಕಲು ಅನ್ಸೋದು, ಬೇಸ್ ಗಿಟಾರ್ ಕೇಳ್ಸೋದೇ ಇಲ್ವಲ್ಲ. 1986ರಲ್ಲಿ ಬ್ಯಾಂಡಿನ ಬೇಸ್ ವಾದಕ ಕ್ಲಿಫ್ ಬರ್ಟನ್ ಬಸ್ ಆ್ಯಕ್ಸಿಡೆಂಟಲ್ಲಿ ತೀರಿಹೋದ್ಮೇಲೆ ಅವ್ರ ಜಾಗಕ್ಕೆ ಜೇಸನ್ ನ್ಯೂಸ್ಟೆಡ್ ಬಂದು ಮಾಡಿದ ಮೊದಲ ಪೂರ್ತಿ ಆಲ್ಬಮ್ ಇದು, ಪಾಪ ಅವ್ರ ಬೇಸ್‌ನೇ ಮಿಕ್ಸ್‌ನಲ್ಲಿ, ಅಂದ್ರೆ ಎಲ್ಲ ವಾದ್ಯಗಳನ್ನ ಸೇರ್ಸಿ ಮಟ್ಟ ಹೊಂದ್ಸೋವಾಗ, ಅಡಗಿಸಿಬಿಟ್ರು.

ಈ ಸಲ ಷಫಲ್ ಆಫ್, ಈಕ್ವಲೈಸರ್ ಆಫ್, ವಾಲ್ಯೂಮ್ ಅರ್ಧಕ್ಕಿಂತ ಕಮ್ಮಿ. ಮೊದಲ ಹಾಡು 'ಬ್ಲ್ಯಾಕನ್ಡ್' ಶುರುವಾಗೋವಾಗ ಉಲ್ಟಾ ಓಡ್ಸಿರೋ ಗಿಟಾರ್‌ಗಳು ದೂರದಿಂದ ತೇಲಿ ಬರುತ್ತಲ್ಲ, ಅದನ್ನ ನಾನು ಇಷ್ಟು ವರ್ಷ ಸರಿಯಾಗಿ ಕೇಳೇ ಇರ್ಲಿಲ್ಲ! ಆಮೇಲೆ 'ಟು ಲಿವ್ ಈಸ್ ಟು ಡೈ', ಅದ್ರಲ್ಲಿ ಬರ್ಟನ್ ಬಿಟ್ಟುಹೋದ ರಿಫ್‌ಗಳು (ಮತ್ತೆ ಮತ್ತೆ ಬರೋ ಚಿಕ್ಕ ಟ್ಯೂನ್‌ಗಳು) ಇವೆ ಅಂತ ಗೊತ್ತಿಟ್ಕೊಂಡು ಕೇಳಿದ್ರೆ ನಿಜವಾಗ್ಲೂ ಗಂಟ್ಲು ಕಟ್ಟುತ್ತೆ.

ಇನ್ನೊಂದು, 2018ರ ರೀಮಾಸ್ಟರ್ (ಅದೇ ಮಿಕ್ಸ್‌ಗೆ ಹೊಸದಾಗಿ ಕೊನೇ ಹಂತದ ಪಾಲಿಷ್ ಕೊಟ್ಟ ಆವೃತ್ತಿ) ಜೊತೆ ಹೋಲಿಸೋದಾದ್ರೆ ಎರಡರ ವಾಲ್ಯೂಮೂ ಒಂದೇ ಮಟ್ಟಕ್ಕೆ ತನ್ನಿ, ಜೋರಾಗಿರೋದೇ ಚೆನ್ನಾಗಿದೆ ಅಂತ ಕಿವಿ ಮೋಸ ಹೋಗುತ್ತೆ. ರೀಮಾಸ್ಟರ್‌ನಲ್ಲೂ ಬೇಸ್ ಮೇಲೆ ಬಂದಿಲ್ಲ ಬಿಡಿ, ಅದು ಮಿಕ್ಸ್‌ನಲ್ಲೇ ಆಗ್ಬೇಕಾದ ಕೆಲ್ಸ.

ಆಲ್ಬಮ್ ಒಂದು ಗಂಟೆ ಮೇಲಿದೆ, ರಾತ್ರಿ ಊಟ ಆದ್ಮೇಲೆ ಫೋನ್ ದೂರ ಇಟ್ಟು ಕೂತ್ಕೊಳ್ಳಿ.