ಮಲ್ಲಿಗೆ ಗಿಡದವರೆಗೆ 22 ಹೆಜ್ಜೆ

ಉಡುಪಿ ಜಿಲ್ಲೆಯ ಶಂಕರಪುರ ಕಡೆಯ ಒಬ್ಬರು ಅಮ್ಮ. ವಯಸ್ಸು ಎಂಬತ್ತು ದಾಟಿದೆ. ಮರೆವಿನ ಕಾಯಿಲೆ ಐದಾರು ವರ್ಷದ್ದು. ಬಚ್ಚಲಲ್ಲಿ ಬಿದ್ದು ಸೊಂಟದ ಕೀಲಿನ ಬಾಲ್ ಬದಲಿಸಿದ್ದಾರೆ. ಆಪರೇಷನ್ ಆದ ಮೇಲೆ ಎದೆಯಲ್ಲಿ ಕಫ ಕಟ್ಟಿ, ಆಸ್ಪತ್ರೆಯಲ್ಲೇ ಮೂರು ವಾರ ಮಲಗಿದ್ದರು. "ಹೇಳಿದ್ದು ಐದು ನಿಮಿಷ ನೆನಪಿರುವುದಿಲ್ಲ, ಇವರಿಗೆ ಫಿಸಿಯೋ ಸುಮ್ನೆ ದಂಡ" ಎಂದು ಆಸ್ಪತ್ರೆಯವರು ಮನೆಗೆ ಕಳಿಸುವಾಗಲೇ ಹೇಳಿದ್ದರಂತೆ. ನನ್ನ ಜೊತೆ ಓದಿದವರೂ ಅದನ್ನೇ ಹೇಳಿದರು. ಆ ಅಮ್ಮ ಈಗ ನಡೆಯುತ್ತಾರೆ. ನಡೆಸಿದ್ದು ನಾನು, ಮನೆಗೆ ಹೋಗಿ ವ್ಯಾಯಾಮ ಮಾಡಿಸುವ ಫಿಸಿಯೋ.

ಮೊದಲ ಎರಡು ವಾರ ನಾನು ಮಾಡಿದ್ದೆಲ್ಲ ತಪ್ಪು. ಪಾದ ಆಡಿಸಿ, ತೊಡೆ ಬಿಗಿ ಮಾಡಿ, ಹತ್ತು ಎಣಿಸಿ ಎಂದೆ. ಅವರು ನನ್ನ ಮುಖ ನೋಡುತ್ತಿದ್ದರು, ಅಷ್ಟೇ. ವಾಕರ್ ಕೊಟ್ಟರೆ ಎರಡೂ ಕೈಯಲ್ಲಿ ಗಟ್ಟಿ ಹಿಡಿದು ಕಂಬದ ಹಾಗೆ ನಿಂತರು. ಜನ್ಮದಲ್ಲಿ ವಾಕರ್ ಮುಟ್ಟದವರು ಈಗ ಹೊಸದಾಗಿ ಹೇಗೆ ಕಲಿಯುತ್ತಾರೆ, ಅಲ್ವಾ? ಸಾವಿರದೈನೂರು ಚಿಲ್ಲರೆಯ ವಾಕರ್ ಅಟ್ಟ ಸೇರಿತು. ಒಂದು ದಿನ ನಾನೂ ಹೋಮ್ ನರ್ಸೂ ಕಂಕುಳಿಗೆ ಕೈ ಹಾಕಿ ಎತ್ತಿದೆವು. ಅವರು ಕಿರುಚಿ ನನ್ನ ಮಣಿಕಟ್ಟು ಕಚ್ಚಿದರು. ಆಮೇಲೆ ನನ್ನ ಬ್ಯಾಗು ಕಂಡರೂ ಅಳುತ್ತಿದ್ದರು. ಇನ್ನೊಂದು ದಿನ ಮಲಗಿದ್ದವರನ್ನು ಅವಸರದಲ್ಲಿ ನಿಲ್ಲಿಸಿಬಿಟ್ಟೆ. ಮುಖ ಬಿಳುಚಿತು, ಮೇಲಿನ ಬಿಪಿ ತೊಂಬತ್ತಕ್ಕಿಂತ ಕೆಳಗೆ ಬಂತು. ಅಷ್ಟು ದಿನ ಹಾಸಿಗೆಯಲ್ಲಿದ್ದವರಿಗೆ ಹಾಗಾಗುತ್ತದೆ ಎಂದು ನನಗೆ ಗೊತ್ತಿರಬೇಕಿತ್ತು. ಈಗ ಮೊದಲು ಕಾಲು ಇಳಿಬಿಟ್ಟು ಐದು ನಿಮಿಷ ಕೂರಿಸುತ್ತೇನೆ. ಬಿಪಿ ನೋಡದೆ ಯಾರನ್ನೂ ನಿಲ್ಲಿಸುವುದಿಲ್ಲ.

ಹತ್ತು ವಿಸಿಟ್ ಆದ ಮೇಲೆ ಮಗ "ಸಾಕು ಡಾಕ್ಟ್ರೇ" ಎಂದರು. ಅವರದೂ ತಪ್ಪಲ್ಲ. ಹೋಮ್ ನರ್ಸಿಗೇ ತಿಂಗಳಿಗೆ ಇಪ್ಪತ್ತೈದು ಸಾವಿರ ಹೋಗುತ್ತಿತ್ತು, ಅದರ ಮೇಲೆ ನನ್ನದು ವಿಸಿಟ್‌ಗೆ ಐನೂರು. ಇನ್ನೊಂದು ತಿಂಗಳು ಅರ್ಧ ಫೀಸಿಗೆ ಬರುತ್ತೇನೆ, ಅಮ್ಮ ತಮ್ಮ ಕಾಲಲ್ಲೇ ಬಚ್ಚಲಿಗೆ ಹೋದರೆ ಉಳಿದರ್ಧ ಕೊಡಿ ಎಂದೆ. ಪೆಟ್ರೋಲು ಕಳೆದರೆ ಕೈಗೆ ಏನೂ ಉಳಿಯಲಿಲ್ಲ.

ದಾರಿ ಕಂಡದ್ದು ಒಂದು ಬೆಳಿಗ್ಗೆ. ಸೊಸೆ ಮಂಚದ ಪಕ್ಕ ಕೂತು ಮಲ್ಲಿಗೆ ಕಟ್ಟುತ್ತಿದ್ದರು. ಅಮ್ಮನ ಕೈ ತಾನಾಗಿ ಮುಂದೆ ಬಂತು. ಒದ್ದೆ ಬಾಳೆನಾರು ಎಳೆದುಕೊಂಡರು. ಮೊಗ್ಗು ಜೋಡಿಸಿದರು, ನಾರು ಸುತ್ತಿದರು, ಗಂಟು ಬಿಗಿದರು. ಕಣ್ಣು ಎಲ್ಲೋ ಇತ್ತು, ಬೆರಳು ತಪ್ಪಲಿಲ್ಲ. ಇಲ್ಲಿ ಕಟ್ಟಿದ ಮಲ್ಲಿಗೆಯ ಲೆಕ್ಕ ಚೆಂಡು, ಅಟ್ಟೆಯಲ್ಲಿ. ಚೆಂಡಿಗೆ ಎಷ್ಟು ಹೂ ಎಂದು ಕೇಳಿದೆ. "ಎಂಟುನೂರು. ನಾಲ್ಕು ಚೆಂಡಿಗೆ ಒಂದು ಅಟ್ಟೆ" ಎಂದರು. ಆ ದಿನ ಅವರಿಗೆ ಮಗನ ಹೆಸರು ಬಂದಿರಲಿಲ್ಲ.

ಮರುದಿನ ಬ್ಯಾಗಿಲ್ಲದೆ ಆರೂವರೆಗೆ ಹೋದೆ. ಡಾಕ್ಟರು ಬರೆದ ನೋವಿನ ಮಾತ್ರೆ ಮುಕ್ಕಾಲು ಗಂಟೆ ಮೊದಲೇ ಕೊಡಿಸಿದ್ದೆ. ಇವರು ನೋವು ಎಂದು ಬಾಯಿಬಿಟ್ಟು ಹೇಳುವುದಿಲ್ಲ, ಹುಬ್ಬು ನೋಡಿ ತಿಳಿಯಬೇಕು. ಕನ್ನಡಕ ಹಾಕಿದೆ. ಕುರ್ಚಿಯ ಕೆಳಗೆ ಹಲಗೆ ಕೊಟ್ಟು ನಾಲ್ಕು ಇಂಚು ಎತ್ತರಿಸಿದ್ದೆ. ವಾಲಿದರೆ ಹಿಡಿಯಲು ಸೊಂಟಕ್ಕೆ ಬೆಲ್ಟ್ ಕಟ್ಟಿದೆ. ಎದುರಿಗೆ ಹೂವಿನ ಬುಟ್ಟಿ ಹಿಡಿದು "ಬಲೆ ಅಮ್ಮ, ಪೋಯಿ" ಎಂದೆ. ಬನ್ನಿ ಅಮ್ಮ, ಹೋಗೋಣ ಎಂದು. ಅಷ್ಟೇ ಮಾತು, ಅದೂ ತುಳುವಿನಲ್ಲಿ. ಕುರ್ಚಿಯ ಕೈ ಒತ್ತಿ ಎದ್ದುಬಿಟ್ಟರು!

ಮೊದಲ ದಿನ ನಿಂತದ್ದು ಮೂರೋ ನಾಲ್ಕೋ ಸಲ. ಆಮೇಲೆ ಬುಟ್ಟಿಯನ್ನು ದಿನಕ್ಕೆ ಎರಡು ಹೆಜ್ಜೆ ದೂರ ಇಡುತ್ತಾ ಬಂದೆ. ಒಂಬತ್ತನೇ ದಿನವಿರಬೇಕು, ಹೊಸ್ತಿಲ ಹತ್ತಿರ ಗಕ್ಕನೆ ನಿಂತರು. ಕೆಂಪು ನೆಲದ ಮೇಲೆ ಕಪ್ಪು ಮ್ಯಾಟ್ ಇತ್ತು, ಅವರಿಗೆ ಅದು ಹೊಂಡದ ಹಾಗೆ ಕಂಡಿರಬೇಕು. ಮ್ಯಾಟ್ ತೆಗೆದು ಹೊಸ್ತಿಲಿಗೆ ಬಿಳಿ ಟೇಪ್ ಅಂಟಿಸಿದೆ, ಮರುದಿನ ದಾಟಿದರು. ಕಾಲು ನೆಲಕ್ಕೆ ಅಂಟಿದಾಗ ಮೊದಲ ಹೆಜ್ಜೆ ಬಿಡಿಸಲು ನನ್ನದೊಂದು ಉಪಾಯ ಇದೆ. ಕಂಡುಕೊಳ್ಳಲು ಮೂರು ವರ್ಷ ಹಿಡಿದಿದೆ, ಇಲ್ಲಿ ಬರೆಯುವುದಿಲ್ಲ. ಸೊಂಟ ಹೆಚ್ಚು ಬಗ್ಗಿಸಬಾರದು ಎಂದು ಡಾಕ್ಟರು ಹೇಳಿದ್ದರಿಂದ ಮೇಲಿನ ಕೊಂಬೆಯ ಮೊಗ್ಗು ಮಾತ್ರ ಕೊಯ್ಯಿಸಿದೆ. ಆರನೇ ವಾರಕ್ಕೆ ಒಂದು ಕೈ ಹಿಡಿದುಕೊಂಡು ಗಿಡದವರೆಗೆ 22 ಹೆಜ್ಜೆ. ಬಚ್ಚಲು ಅದಕ್ಕಿಂತ ಹತ್ತಿರ. ಸಂಜೆ ನಾಲ್ಕರ ಮೇಲೆ ಪ್ರಯತ್ನ ಬೇಡ, ಆಗ ಅವರಿಗೆ ತಳಮಳ ಜಾಸ್ತಿ.

ಕೈಗೆ ರೂಢಿಯಾದ ಹಳೆಯ ಕೆಲಸ ತೋರಿಸಿ ಎಬ್ಬಿಸುವ ಇದನ್ನೇ ಬೇರೆ ಕಡೆಯೂ ಮಾಡಿ ನೋಡಿದೆ. ಮಲ್ಪೆಯಲ್ಲಿ ಬಲೆ ಎಳೆದು ಬದುಕಿದ ಅಜ್ಜನಿಗೆ ಕಿಟಕಿಗೆ ಹಗ್ಗ ಕಟ್ಟಿ ಕೊಟ್ಟೆ. ಎದ್ದರು, ಆದರೆ ಎಳೆಯುವ ರಭಸಕ್ಕೆ ಹಿಂದಕ್ಕೆ ವಾಲಿದರು. ಬೆಲ್ಟ್ ಹಿಡಿದಿದ್ದಕ್ಕೆ ಬಚಾವ್. ಅವತ್ತೇ ಬಿಟ್ಟೆ. ಮಂಗಳೂರಿನ ಬೋಳಾರದಲ್ಲಿ ಬೀಡಿ ಕಟ್ಟುತ್ತಿದ್ದ ಅಜ್ಜಿಗೆ ಮೊರ, ಎಲೆ ಕೊಟ್ಟರೆ ಕೂತೇ ಬಿಟ್ಟರು. ಅದು ಕೂತು ಮಾಡುವ ಕೆಲಸ ಅಲ್ವಾ! ಬೀಡಿ ಕಟ್ಟು ಚೀಲಕ್ಕೆ ಹಾಕಿ ಕೈಗೆ ಕೊಟ್ಟು "ಬ್ರಾಂಚಿಗೆ ಹೊತ್ತಾಯಿತು" (ಬ್ರಾಂಚು ಎಂದರೆ ಕಟ್ಟಿದ ಬೀಡಿ ಒಪ್ಪಿಸುವ ಜಾಗ) ಎಂದ ಮೇಲೆ ಎದ್ದು ಗೇಟಿನವರೆಗೆ ಬಂದರು.

ಶಂಕರಪುರದ ಮಗ ಉಳಿದರ್ಧ ಫೀಸು ಕೊಟ್ಟರು, ನಾಲ್ಕು ಸಾವಿರದ ಹತ್ತಿರ. ಈಗ ಮಳೆ ಹಿಡಿದಿದೆ. ಅಂಗಳದಲ್ಲಿ ಪಾಚಿ, ಅಮ್ಮನನ್ನು ಇಳಿಸಲು ಧೈರ್ಯವಿಲ್ಲ. ನಾಲ್ಕು ಗಿಡ ಚಟ್ಟಿಯಲ್ಲಿ ನೆಟ್ಟು ಜಗಲಿಯಲ್ಲಿಟ್ಟಿದ್ದೇವೆ. ಹೂ ಕಮ್ಮಿ. ಮೊನ್ನೆ ಐದಾರು ಮೊಗ್ಗು ಇತ್ತು, ಅಮ್ಮ ಅಷ್ಟನ್ನೂ ಕೊಯ್ದು ಸೊಸೆಯ ಕೈಗೆ ಕೊಟ್ಟು ನಾರು ಕೇಳಿದರು.