ಬೋರ್ಮಾಕ್ಕೆ ತಕ್ಕಡಿ ಕಟ್ಟಿದ ಕತೆ

ಗೇರುಬೀಜದ ಕಾರ್ಖಾನೆ ನಡೆಸುವವರಿಗೆ ಆಟಿ ತಿಂಗಳ ಬೋರ್ಮಾ (ತಿರುಳನ್ನು ಬಿಸಿಗಾಳಿಯಲ್ಲಿ ಒಣಗಿಸುವ ಕೋಣೆ) ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ಮಾರ್ಚ್‌ನಲ್ಲಿ ಆರು ಗಂಟೆಗೆ ಹದವಾಗಿ ಒಣಗುವ ತಿರುಳು ಜುಲೈಯಲ್ಲಿ ಏಳೂವರೆ ಗಂಟೆಯಾದರೂ ಸಿಪ್ಪೆ ಬಿಡುವುದಿಲ್ಲ; ಇರಲಿ ಎಂದು ಇನ್ನೊಂದು ಅರ್ಧ ಗಂಟೆ ಇಟ್ಟರೆ ಪೀಲಿಂಗ್ ಮೇಜಿನ ಮೇಲೆ ಪುಡಿಯಾಗುತ್ತದೆ. ಹಿರಿಯಡಕದ ಹತ್ತಿರವಿರುವ ನಮ್ಮ ಘಟಕದಲ್ಲಿ ದಿನಕ್ಕೆ 50 ಚೀಲ, ಅಂದರೆ ನಾಲ್ಕು ಟನ್ ಕಚ್ಚಾ ಬೀಜದ ಕೆಲಸ ನಡೆಯುತ್ತದೆ, ತಿರುಳು 900 ಕಿಲೋ ಆಚೀಚೆ ಸಿಗುತ್ತದೆ. ಮಳೆಗಾಲದಲ್ಲಿ ಇಡಿ ತಿರುಳಿನ ಪ್ರಮಾಣ ಬೇಸಗೆಗಿಂತ ಶೇಕಡಾ 4ರಷ್ಟು ಕುಸಿಯುತ್ತಿತ್ತು. ಇಡಿಗೂ ಹೋಳಿಗೂ ಕಿಲೋವೊಂದಕ್ಕೆ ನೂರು ರೂಪಾಯಿ ಅಂತರವೆಂದು ಹಿಡಿದರೂ ದಿನಕ್ಕೆ ಮೂರೂವರೆ ಸಾವಿರ ರೂಪಾಯಿ ಬೋರ್ಮಾದೊಳಗೆ ಕರಗುತ್ತಿತ್ತು.

ಇದಕ್ಕೆ ಪರಿಹಾರ ಕೊಡುತ್ತೇವೆಂದು ಬಂದ ಒಂದು ಕಂಪೆನಿಯವರು ಲ್ಯಾಪ್‌ಟಾಪ್ ತೆರೆದು ‘ಇಂಡಸ್ಟ್ರಿ 4.0’ (ಯಂತ್ರಗಳನ್ನು ಕಂಪ್ಯೂಟರ್ ಜಾಲಕ್ಕೆ ಜೋಡಿಸುವ ‘ನಾಲ್ಕನೇ ಕೈಗಾರಿಕಾ ಕ್ರಾಂತಿ’) ಎಂಬ ಚಿತ್ರಾವಳಿಯನ್ನು ಒಂದು ಗಂಟೆ ತೋರಿಸಿದರು. 2011ರಲ್ಲಿ ಜರ್ಮನಿಯ ಹ್ಯಾನೋವರ್ ಮೇಳದಲ್ಲಿ ಆ ಹೆಸರು ಕೇಳಿಬಂದ ಕತೆಯಿಂದ ಆರಂಭಿಸಿ ಕೊನೆಗೆ ಹನ್ನೊಂದು ಲಕ್ಷದ ಕೊಟೇಶನ್ನಿನಲ್ಲಿ ಮುಗಿಸಿದರು. ವರ್ಷವರ್ಷದ ಚಂದಾ ಬೇರೆ. ನಾನು ಚಹಾ ಕುಡಿಸಿ ಕಳುಹಿಸಿದೆ. ಬೋರ್ಮಾದ ಮೇಲೆ ಕಣ್ಣಿಡುವ ಅಳತೆಯ ವ್ಯವಸ್ಥೆಯನ್ನು ನಾನೇ ಮಾಡುತ್ತೇನೆಂದು ಹೇಳಿದಾಗ ಪಕ್ಕದ ಊರಿನಲ್ಲಿ ಬೀಜದ ಕಾರ್ಖಾನೆ ಇಟ್ಟುಕೊಂಡಿರುವ ಸ್ನೇಹಿತ, “ಎಂತ ಮಾರಾಯ, ಇನ್ನು ಬೀಜಕ್ಕೂ ಮೊಬೈಲ್ ಕೊಡಿಸ್ತೀಯಾ?” ಎಂದು ನಕ್ಕಿದ್ದ. ಈಗ ಅವನೇ ವಾರಕ್ಕೆರಡು ಸಲ ಫೋನ್ ಮಾಡುತ್ತಾನೆ, ಹಾಗಾಗಿ ಒಮ್ಮೆ ಬರೆದುಬಿಡುತ್ತಿದ್ದೇನೆ.

ಮೊದಲ ಪ್ರಯತ್ನ ಎಲ್ಲರೂ ಮಾಡುವಂಥದ್ದೇ ಆಗಿತ್ತು. ಬೋರ್ಮಾದೊಳಗೆ ಉಷ್ಣತೆ ಮತ್ತು ತೇವಾಂಶ ಅಳೆಯುವ ಅಗ್ಗದ ಸೆನ್ಸರ್‌ಗಳನ್ನು ನಾಲ್ಕು ಮೂಲೆಗಳಲ್ಲಿ ತೂಗುಹಾಕಿ, ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್‌ಗಳಿಂದ ವೈಫೈ ಮೂಲಕ ಆಫೀಸಿಗೆ ಅಂಕಿಗಳನ್ನು ಕಳುಹಿಸಿದೆ. ಮೂರು ವಾರಗಳಲ್ಲಿ ನಾಲ್ಕೂ ಸೆನ್ಸರ್ ಸತ್ತವು. ಕಳಚಿ ನೋಡಿದರೆ ಜಾಲರಿಯ ಮೇಲೆ ಗೇರೆಣ್ಣೆಯ ಆವಿ ಕಂದು ಬಣ್ಣದ ಅಂಟಾಗಿ ಕುಳಿತಿತ್ತು, ಉಗುರಿನಿಂದ ಕೆರೆದರೂ ಬರುತ್ತಿರಲಿಲ್ಲ. ವೈಫೈ ಅಂತೂ ಒಂದೂಕಾಲು ಅಡಿ ದಪ್ಪದ ಮುರಕಲ್ಲಿನ ಗೋಡೆಯನ್ನೂ ಉಕ್ಕಿನ ಟ್ರಾಲಿಗಳನ್ನೂ ದಾಟಲಾಗದೆ, ಟ್ರಾಲಿ ಒಳಗೆ ಹೋದಾಗಲೆಲ್ಲ ಕಡಿದುಹೋಗುತ್ತಿತ್ತು. ತೇವಾಂಶ ಅಳೆಯುವ ಆಸೆಯನ್ನು ಅಲ್ಲಿಗೇ ಬಿಟ್ಟು, ಉಷ್ಣತೆಗೆ ಉಕ್ಕಿನ ಕವಚವಿರುವ ಪಿಟಿ100 ಸೆನ್ಸರ್ ಹಾಕಿ, ಆರ್‌ಎಸ್‌485 ಎಂಬ ಬಗೆಯ ಸಂಪರ್ಕ ತಂತಿ ಎಳೆದು, ಯಂತ್ರಗಳು ತಂತಿಯಲ್ಲಿ ಮಾತಾಡುವ ಹಳೆಯ ಭಾಷೆಯಾದ ಮಾಡ್‌ಬಸ್‌ಗೆ ಬಂದೆ. ತಂತಿಯನ್ನು ಫ್ಯಾನ್‌ಗಳ ವಿಎಫ್‌ಡಿ (ಮೋಟರಿನ ವೇಗ ಹೊಂದಿಸುವ ಸಾಧನ) ಕೇಬಲ್ ಇರುವ ಪೈಪಿನಲ್ಲೇ ತೂರಿಸಿದ್ದರಿಂದ ಇನ್ನೊಂದು ತಿಂಗಳು ಹಾಳಾಯಿತು: ಫ್ಯಾನ್ ತಿರುಗಿದರೆ ಉಷ್ಣತೆ 65 ಇದ್ದದ್ದು ಒಮ್ಮೆ 6,500 ಆಗುತ್ತಿತ್ತು, ಒಮ್ಮೆ ಉತ್ತರವೇ ಬರುತ್ತಿರಲಿಲ್ಲ. ಬೇರೆ ಪೈಪು, ಹೆಣೆದ ಜೋಡಿಯ ಶೀಲ್ಡ್ ತಂತಿ, ಎರಡೂ ತುದಿಗೆ 120 ಓಮ್ ರೆಸಿಸ್ಟರ್ ಹಾಕಿದ ಮೇಲೆ ಇಂದಿನವರೆಗೂ ಆ ತಕರಾರು ಬಂದಿಲ್ಲ.

ಆದರೆ ಇಷ್ಟೆಲ್ಲ ಆದ ಮೇಲೂ ಇಡಿ ತಿರುಳಿನ ಪ್ರಮಾಣ ಒಂದಂಶವೂ ಮೇಲೇರಲಿಲ್ಲ. ಗೋಡೆಯ ಮೇಲಿನ ಟಿವಿಯಲ್ಲಿ ಗ್ರಫಾನಾ ಎಂಬ ನಕ್ಷೆ ಬಿಡಿಸುವ ತಂತ್ರಾಂಶದ ಬಣ್ಣಬಣ್ಣದ ಗೆರೆಗಳು ಚೆನ್ನಾಗಿಯೇ ಕಾಣುತ್ತಿದ್ದವು, ಬಂದವರೆಲ್ಲ ಫೋಟೋ ತೆಗೆದುಕೊಂಡು ಹೋದರು. ನಮ್ಮಲ್ಲಿ ಇಪ್ಪತ್ತೆರಡು ವರ್ಷಗಳಿಂದ ಬೋರ್ಮಾ ನೋಡಿಕೊಳ್ಳುತ್ತಿರುವ ಅಕ್ಕ ಒಬ್ಬರಿದ್ದಾರೆ. ಅವರು ಟ್ರೇಯಿಂದ ಒಂದು ತಿರುಳನ್ನು ತೆಗೆದು ಹೆಬ್ಬೆರಳು ತೋರುಬೆರಳಿನ ನಡುವೆ ತಿರುಚಿ, ಸಿಪ್ಪೆ ಸರಿಯುವ ರೀತಿ ನೋಡಿ, “ಅಣ್ಣ, ನೀವು ಗಾಳಿಯ ಬಿಸಿ ನೋಡ್ತಾ ಇದ್ದೀರಿ. ನಮಗೆ ಬೇಕಾದ್ದು ಬೀಜದ ನೀರಲ್ವಾ?” ಎಂದರು. ನಾನು ಆರು ತಿಂಗಳಲ್ಲಿ ಕಲಿಯಬೇಕಾದದ್ದನ್ನು ಅವರು ಒಂದು ಮಾತಿನಲ್ಲಿ ಹೇಳಿದ್ದರು.

ಬೀಜದ ನೀರನ್ನು ಅಳೆಯುವ ಸುಲಭದ ದಾರಿ ತೂಕ. ಬೋರ್ಮಾಕ್ಕೆ ಹೋಗುವಾಗ ಇದ್ದ ತಿರುಳು ಹೊರಬರುವಾಗ ನೂರಕ್ಕೆ ನಾಲ್ಕೈದು ಕಿಲೋ ಹಗುರವಾಗಿರುತ್ತದೆ. ಆ ಇಳಿಕೆಯನ್ನೇ ನೋಡುತ್ತಿದ್ದರೆ ಸಾಕು. ಹತ್ತು ಕಿಲೋ ತಿರುಳಿನ ಒಂದು ಮಾದರಿ ಟ್ರೇಯನ್ನು ಲೋಡ್‌ಸೆಲ್‌ಗೆ (ತೂಕ ಅಳೆಯುವ ಸೆನ್ಸರ್) ನೇತುಹಾಕಿದೆ. ಒಳಗೆ ಅರುವತ್ತೈದು ಡಿಗ್ರಿ ಬಿಸಿಯಿದ್ದುದರಿಂದ ಲೋಡ್‌ಸೆಲ್ಲೇ ಬಿಸಿಯಾಗಿ, ಖಾಲಿ ಟ್ರೇಯೂ ಗಂಟೆಗೆ ಇಷ್ಟಿಷ್ಟು ಹಗುರವಾಗುತ್ತಿತ್ತು! ಆಗ ಲೋಡ್‌ಸೆಲ್ಲನ್ನು ಬೋರ್ಮಾದ ಮಾಡಿನ ಮೇಲೆ ಹೊರಗಿಟ್ಟು, ಮಾಡಿನಲ್ಲಿ ತೂತು ಕೊರೆಸಿ, ಸ್ಟೀಲ್ ಸರಳಿನಿಂದ ಟ್ರೇಯನ್ನು ಒಳಗೆ ಇಳಿಬಿಟ್ಟೆ. ತೂತಿನಿಂದ ಮೇಲೇರುವ ಬಿಸಿಗಾಳಿ ತಾಗದಂತೆ ಸರಳಿಗೇ ಒಂದು ತಗಡಿನ ಛತ್ರಿ ಬೆಸೆಸಿದೆ. ಫ್ಯಾನಿನ ಗಾಳಿಗೆ ಟ್ರೇ ತೂಗಾಡಿ ತೂಕ ನಿಲ್ಲುತ್ತಿರಲಿಲ್ಲ. ಅದಕ್ಕೆ ಹತ್ತು ನಿಮಿಷಕ್ಕೊಮ್ಮೆ ಫ್ಯಾನ್ ನಿಲ್ಲಿಸಿ ತೂಗುವಂತೆ ಮಾಡಿದಾಗ ಮೋಟರಿನ ಓವರ್‌ಲೋಡ್ ರಿಲೇ ಟ್ರಿಪ್ ಆಗತೊಡಗಿತು. ಈಗ ಇಪ್ಪತ್ತು ನಿಮಿಷಕ್ಕೊಮ್ಮೆ, ನಲವತ್ತು ಸೆಕೆಂಡು ಮಾತ್ರ.

ಶೇಕಡಾ 5 ಇಳಿದ ಕೂಡಲೇ ಹೊರತೆಗೆಯುವುದು ಎಂಬ ನನ್ನ ಮೊದಲ ಲೆಕ್ಕ ಊರಿನ ಬೀಜಕ್ಕೆ ಸರಿಹೋಯಿತು. ಐವರಿ ಕೋಸ್ಟ್‌ನಿಂದ ಬಂದ ಒಂದು ಲಾಟ್‌ಗೆ ಮಾತ್ರ ಕೈಕೊಟ್ಟಿತು. ಅದು ಒಳಹೋಗುವಾಗಲೇ ಹೆಚ್ಚು ಹಸಿಯಾಗಿತ್ತು, ಸಿಪ್ಪೆ ಅಂಟಿಕೊಂಡು, ಚೂರಿಯಿಂದ ಕೆರೆಯಬೇಕಾಗಿ ಬಂದು, ಒಂದೇ ದಿನ ಮೂವತ್ತು ಸಾವಿರ ಹೋಯಿತು. ಅಲ್ಲಿಂದ ಒಟ್ಟು ಇಳಿಕೆಯನ್ನು ಬಿಟ್ಟು ಇಳಿಕೆಯ ವೇಗವನ್ನು ಹಿಡಿದೆ. ಎರಡು ತೂಕಗಳ ನಡುವಿನ ವ್ಯತ್ಯಾಸ ಇಂತಿಷ್ಟು ಗ್ರಾಂಗೆ ಬಂದಾಗ ಹಸಿರು ದೀಪ ಹತ್ತುತ್ತದೆ. ಆ ‘ಇಂತಿಷ್ಟು’ ಎಷ್ಟೆಂಬುದನ್ನೂ, ಅದು ಮೇ ತಿಂಗಳಿಗೂ ಜುಲೈಗೂ ಹೇಗೆ ಬದಲಾಗುತ್ತದೆ ಎಂಬುದನ್ನೂ, ಮಾದರಿ ಟ್ರೇಯನ್ನು ಬೋರ್ಮಾದ ಯಾವ ಜಾಗದಲ್ಲಿ ತೂಗಬೇಕೆಂಬುದನ್ನೂ ನಾನು ಇಲ್ಲಿ ಬರೆಯುವುದಿಲ್ಲ. ಎರಡು ಮಳೆಗಾಲ ಸುಟ್ಟುಕೊಂಡು ಕಂಡುಕೊಂಡದ್ದು.

ಉಳಿದದ್ದೆಲ್ಲ ನಿಮಗೆ ಗೊತ್ತಿರುವಂಥದ್ದೇ. ಬೋರ್ಮಾದ ಬಳಿಯ ಬೋರ್ಡು ತಂತಿಯಲ್ಲಿ ಬಂದ ತೂಕವನ್ನು ಎಂಕ್ಯೂಟಿಟಿ ಎಂಬ ವಿಧಾನದ ಚಿಕ್ಕ ಸಂದೇಶವಾಗಿ ರಾಸ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿಗೆ ಕೊಡುತ್ತದೆ, ಅದರಲ್ಲಿರುವ ನೋಡ್-ರೆಡ್ ಎಂಬ ತಂತ್ರಾಂಶ ಲೆಕ್ಕ ಹಾಕುತ್ತದೆ. ನಾಲ್ಕನೇ ಕೈಗಾರಿಕಾ ಕ್ರಾಂತಿ ಎಂದು ಹೆದರಿಸುವವರಿಗೆ ನಾನು ಹೇಳುವುದಿಷ್ಟೆ: ಮಾಡ್‌ಬಸ್ 1979ರದ್ದು, ಎಂಕ್ಯೂಟಿಟಿ 1999ರಲ್ಲಿ ಎಣ್ಣೆ ಪೈಪ್‌ಲೈನ್‌ಗಳನ್ನು ಉಪಗ್ರಹದ ಮೂಲಕ ಗಮನಿಸಲು ಹುಟ್ಟಿದ್ದು. ಹೊಸದೆಂದರೆ ಬೆಲೆ ಇಳಿದಿರುವುದು ಮಾತ್ರ. ಪೈಯ ಮೆಮೊರಿ ಕಾರ್ಡ್ ಕರೆಂಟ್ ಹೋಗಿ ಬಂದಾಗ ಎರಡು ಸಲ ಕೆಟ್ಟು ಒಂದು ತಿಂಗಳ ದಾಖಲೆ ನುಂಗಿತು. ಈಗ ಎಸ್‌ಎಸ್‌ಡಿ ಮತ್ತು ಸಣ್ಣ ಯುಪಿಎಸ್ ಇದೆ. ಏಪ್ರಿಲ್ ಕೊನೆಯ ಒಂದು ಸಂಜೆ ಸಿಡಿಲು ತಂತಿಯ ಮೂಲಕವೇ ಬಂದು ಮೂರು ಬೋರ್ಡುಗಳನ್ನು ಒಯ್ದಿತು. ಐಸೊಲೇಟರ್, ಸರ್ಜ್ ಅರೆಸ್ಟರ್, ಬೇರೆ ಅರ್ಥಿಂಗ್ ಎಂದು ಹದಿನೆಂಟು ಸಾವಿರ ಖರ್ಚಾಯಿತು. ಅದನ್ನು ಮೊದಲೇ ಮಾಡಬೇಕಿತ್ತು.

ನಡುನಡುವೆ ಬೇರೆ ಹುಚ್ಚುಗಳೂ ನಡೆದವು. ಕಟ್ಟಿಂಗ್ ಯಂತ್ರಗಳ ಮೋಟರಿಗೆ ಕರೆಂಟ್ ಅಳೆಯುವ ಕ್ಲಾಂಪ್ ಹಾಕಿ, ಬ್ಲೇಡ್ ಮೊಂಡಾದದ್ದನ್ನು ಮೊದಲೇ ತಿಳಿಯುತ್ತೇನೆಂದು ಹೊರಟು ಸೋತೆ. ಬೀಜದ ಗಾತ್ರ ಬದಲಾದರೂ ಅದೇ ಏರಿಳಿತ ಕಾಣುತ್ತದೆ. ಕ್ಯಾಮೆರಾ ಇಟ್ಟು 240 ಮತ್ತು 320 ಗ್ರೇಡ್ (ತಿರುಳಿನ ಗಾತ್ರದ ದರ್ಜೆಗಳು) ಬೇರೆ ಮಾಡಿಸಲು ಹೋದದ್ದಕ್ಕೆ ಗ್ರೇಡಿಂಗ್ ಮೇಜಿನ ಹೆಂಗಸರು ಇಂದಿಗೂ ನಗುತ್ತಾರೆ. ಆದರೆ ಸ್ಟೀಮ್ ಕುಕ್ಕರಿನ ಮೇಲೆ ಹಾಕಿದ ಒತ್ತಡ ಅಳೆದು ಕಳುಹಿಸುವ ಪ್ರೆಶರ್ ಟ್ರಾನ್ಸ್‌ಮಿಟರ್ ಒಂದು ಸಂಗತಿ ಹೇಳಿತು: ಬೆಳಿಗ್ಗೆ ಹತ್ತೂಕಾಲಿಗೆ ದಿನವೂ ಒತ್ತಡ ಇಳಿಯುತ್ತಿತ್ತು. ಅದು ಬಾಯ್ಲರಿನವನು ಚಹಾಕ್ಕೆ ಹೋಗುವ ಹೊತ್ತು. ಅವನಿಗೆ ಬೈಯಲಿಲ್ಲ, ಚಹಾವನ್ನು ಅಲ್ಲಿಗೇ ಕಳುಹಿಸುತ್ತೇವೆ.

ಒಟ್ಟು ಖರ್ಚು ನೆನಪಿನ ಲೆಕ್ಕದಲ್ಲಿ ಒಂದು ಲಕ್ಷದ ಮೂವತ್ತೈದು ಸಾವಿರ. ಅದರಲ್ಲಿ ಅರುವತ್ತು ಸಾವಿರ ಹೊಳೆಗೆ ಹಾಕಿದ ಹುಳಿ. ಹೋದ ಮಳೆಗಾಲದಲ್ಲಿ ಶೇಕಡಾ 4ರ ಕುಸಿತ 1ಕ್ಕೆ ಬಂತು. ದಿನಕ್ಕೆ 27 ಕಿಲೋ ತಿರುಳು ಒಡೆಯದೆ ಉಳಿದರೆ ಎರಡು ಸಾವಿರದ ಏಳುನೂರು ರೂಪಾಯಿ. ಹಾಕಿದ ಹಣ ಐವತ್ತು ಕೆಲಸದ ದಿನಗಳಲ್ಲಿ ಹಿಂದೆ ಬಂತು. ಅಕ್ಕ ಹಸಿರು ದೀಪ ಹತ್ತಿದ ಮೇಲೂ ಒಂದು ತಿರುಳು ತಿರುಚಿ ನೋಡುತ್ತಾರೆ. ಒಮ್ಮೆ ದೀಪ ಆಗಿದೆ ಎಂದರೂ ಅವರು ಆಗಿಲ್ಲ ಎಂದರು. ನೋಡಿದರೆ ಮಾದರಿ ಟ್ರೇಗೆ ಯಾರೋ ಹಿಂದಿನ ದಿನ ಉಳಿದಿದ್ದ ತಿರುಳು ತುಂಬಿದ್ದರು.

ಎರಡನೇ ಬೋರ್ಮಾದ ಕೆಲಸ ಪತ್ತನಾಜೆಗೆ (ಮೇ ಕೊನೆಗೆ, ಮಳೆಗಾಲದ ಹೊಸ್ತಿಲಲ್ಲಿ ಬರುವ ತುಳುನಾಡಿನ ದಿನ) ಮೊದಲು ಮುಗಿಯಬೇಕಿದೆ. ಮಾಡಿಗೆ ತೂತು ಕೊರೆದದ್ದಾಗಿದೆ, ಆದರೆ ಒಂದು ಇಂಚು ಪಕ್ಕಕ್ಕೆ ಹೋಗಿ ಸರಳು ತಾಗುತ್ತಿದೆ; ವೆಲ್ಡರ್ ನಾಳೆ ಪುನಃ ಬರುತ್ತಾನಂತೆ.