ಮಾಳಿಗೆಯ ಮೇಲೆ ಸುಳ್ಳು ನಿಘಂಟು

ಇಂಗ್ಲಿಷಿನಲ್ಲಿ ಫಿಕ್ಷನರಿ ಎನ್ನುವ, 1984ರಲ್ಲಿ ಬಾಲ್ಡರ್‌ಡ್ಯಾಶ್ ಎಂಬ ಹೆಸರಿನಿಂದ ಡಬ್ಬಿಯಲ್ಲಿಯೂ ಮಾರಾಟಕ್ಕೆ ಬಂದ ಆಟವನ್ನು ನಾವು ಕಲಬುರಗಿಯ ಬೇಸಿಗೆಯ ರಾತ್ರಿಗಳಲ್ಲಿ, ಊಟ ಮುಗಿಸಿ ಮಾಳಿಗೆಗೆ ಹೋದ ಮೇಲೆ, ಕನ್ನಡದಲ್ಲಿ ಆಡುತ್ತೇವೆ. ನಿಘಂಟು ಹಿಡಿದವರು ಅಪರೂಪದ ಒಂದು ಪದವನ್ನು ಹೇಳುತ್ತಾರೆ. ಉಳಿದವರು ಅದಕ್ಕೊಂದು ಸುಳ್ಳು ಅರ್ಥವನ್ನು ಚೀಟಿಯಲ್ಲಿ ಬರೆದು ಕೊಡುತ್ತಾರೆ. ನಿಜವಾದ ಅರ್ಥವನ್ನೂ ಬೆರೆಸಿ ಎಲ್ಲವನ್ನೂ ಓದಿದ ಬಳಿಕ ಯಾವುದು ನಿಜವೆಂದು ಪ್ರತಿಯೊಬ್ಬರೂ ಹೇಳಬೇಕು. ನಿಜವನ್ನು ಹಿಡಿದವರಿಗೆ ಎರಡು ಅಂಕ, ಸುಳ್ಳನ್ನು ಎಷ್ಟು ಮಂದಿ ನಂಬಿದರೋ ಅಷ್ಟು ಅಂಕ ಅದನ್ನು ಬರೆದವರಿಗೆ.

ಆಟದ ಜೀವವಿರುವುದು ಪದದ ಆಯ್ಕೆಯಲ್ಲಿ. ಬೆಂಗಳೂರಿನ ಹುಡುಗರನ್ನು ತಬ್ಬಿಬ್ಬುಗೊಳಿಸುವ ‘ಕೂರಿಗೆ’ ಇಲ್ಲಿ ತೊಗರಿ ಬಿತ್ತುವ ಮನೆತನದವರಿಗೆ ದಿನಬಳಕೆಯ ವಸ್ತು. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಊರಾದ್ದರಿಂದ ‘ಫಸಲಿ’, ‘ಮಹಸೂಲು’ ಮುಂತಾದ ಕಂದಾಯದ ಪದಗಳನ್ನು ತೆಗೆದರೆ ನಮ್ಮ ಕಾಕಾ ಪೆನ್ನು ಹಿಡಿಯುವ ಮೊದಲೇ ನಕ್ಕುಬಿಡುತ್ತಾರೆ. ಹೀಗಾಗಿ ನಾನು ಹಳಗನ್ನಡಕ್ಕೆ ಮೊರೆಹೋಗುತ್ತೇನೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡ ನಮ್ಮ ಜಿಲ್ಲೆಯಲ್ಲೇ ಇದ್ದರೂ ಆ ಕಾಲದ ಕನ್ನಡ ನಮಗೆ ನಿಜಾಮರ ಕಚೇರಿಯ ಉರ್ದುವಿಗಿಂತ ದೂರವಾಗಿರುವುದು ವಿಚಿತ್ರವೇ ಸರಿ, ಆದರೆ ಆಟಕ್ಕೆ ಅನುಕೂಲ.

ಅಲ್ಲಿಯೂ ಪೂರ್ತಿ ಅಪರಿಚಿತವಾದ ಪದಕ್ಕಿಂತ ದಾರಿ ತಪ್ಪಿಸುವ ಪದವೇ ಮೇಲು. ‘ಪಂದೆ’ ಎಂದೊಡನೆ, ‘ಪಾಲ್’ ಎಂಬುದು ‘ಹಾಲು’ ಆಗಿರುವುದನ್ನು ಬಲ್ಲವರು ಪಕಾರವನ್ನು ಹಕಾರ ಮಾಡಿಕೊಂಡು ಹಂದಿಯ ಬೆನ್ನು ಹತ್ತುತ್ತಾರೆ. ಅದರ ಅರ್ಥ ಹೇಡಿ. ‘ಕೂರ್ಮೆ’ಗೆ ಹೆಣ್ಣಾಮೆ ಎಂದು ಬರೆಯುವವರು ಇದ್ದೇ ಇರುತ್ತಾರೆ, ಅದರ ಅರ್ಥ ಪ್ರೀತಿ. ಇಂತಹ ಪದಗಳಲ್ಲಿ ಓದಿಕೊಂಡವರೇ ಮೊದಲು ಬೀಳುತ್ತಾರೆ.

ಸುಳ್ಳು ಬರೆಯುವಾಗ ನಾನು ಪಾಲಿಸುವುದು ನಿಘಂಟಿನ ಒಣ ಧಾಟಿಯನ್ನು. ಒಮ್ಮೆ ‘ಎರಲೆ’ ಎಂಬ ಪದ ಬಂದಾಗ ನಮ್ಮ ವೈನಿಯವರು, “ಮದುವೆಯ ದಿನ ಸೋದರಮಾವನು ಮದುಮಗಳಿಗೆ ಕಟ್ಟುವ ಕೆಂಪು ದಾರ, ಇದನ್ನು ಸಂಜೆಯವರೆಗೆ ಬಿಚ್ಚುವಂತಿಲ್ಲ” ಎಂದು ಬರೆದಿದ್ದರು. ಕಲ್ಪನೆ ಸೊಗಸಾಗಿತ್ತು, ಆದರೆ ನಿಘಂಟು ಇಷ್ಟು ಕಥೆ ಹೇಳುವುದಿಲ್ಲವೆಂದು ಎಲ್ಲರಿಗೂ ಅನ್ನಿಸಿತು. ನಾನು “ಬಾವಿಯ ಕಟ್ಟೆಗೆ ಹಾಸುವ ಚಪ್ಪಡಿ” ಎಂದಷ್ಟೇ ಬರೆದಿದ್ದೆ. ಶಹಾಬಾದ್ ಕಲ್ಲಿನ ಸೀಮೆಯಲ್ಲಿ ಚಪ್ಪಡಿಯನ್ನು ಯಾರು ಅನುಮಾನಿಸುತ್ತಾರೆ? “ಇದೇ ಖರೇ ಅದ ನೋಡ್ರಿ” ಎಂದು ಕಾಕಾ ಖಚಿತವಾಗಿ ಹೇಳಿದರು. ಎರಲೆ ಎಂದರೆ ಜಿಂಕೆ, ನಮ್ಮ ಕಡೆಯ ಚಿಗರಿ.

ನಿಘಂಟು ಹಿಡಿದವರ ಕೆಲಸವೂ ಹಗುರವಲ್ಲ. ಕೈಬರಹ ತಿಳಿಯದೆ ಓದುತ್ತ ತಡವರಿಸಿದರೆ ಅದು ನಿಘಂಟಿನ ಸಾಲಲ್ಲವೆಂದು ಬಯಲಾಗುವುದರಿಂದ ಚೀಟಿಗಳನ್ನು ಮೊದಲು ಮನಸ್ಸಿನಲ್ಲೇ ಓದಿಕೊಳ್ಳಬೇಕು. 1894ರ ಕಿಟೆಲ್ ನಿಘಂಟಿನಲ್ಲಿ ಪದಗಳ ಭಂಡಾರವೇ ಇದ್ದರೂ ಅರ್ಥಗಳು ಇಂಗ್ಲಿಷಿನಲ್ಲಿವೆ. ಅವನ್ನು ಸ್ಥಳದಲ್ಲೇ ಕನ್ನಡಕ್ಕೆ ತರಲು ಹೊರಟರೆ ಓದುವವರ ಮುಖವೇ ಗುಟ್ಟು ಬಿಟ್ಟುಕೊಡುತ್ತದೆ. ಆದ್ದರಿಂದ ನಾನು ಸಾಹಿತ್ಯ ಪರಿಷತ್ತಿನ ಸಂಕ್ಷಿಪ್ತ ಕನ್ನಡ ನಿಘಂಟನ್ನೇ ಬಳಸುತ್ತೇನೆ. ಯಾರಾದರೂ ಅಕಸ್ಮಾತ್ತಾಗಿ ನಿಜವಾದ ಅರ್ಥವನ್ನೇ ಬರೆದಿದ್ದರೆ ಆ ಚೀಟಿಯನ್ನು ಸದ್ದಿಲ್ಲದೆ ಬದಿಗಿಟ್ಟು, ಸುತ್ತು ಮುಗಿದ ಮೇಲೆ ಅವರಿಗೆ ಎರಡು ಅಂಕ ಕೊಡುವುದು ನಮ್ಮಲ್ಲಿನ ರೂಢಿ.